ತಾಗರಾದು

ನಮ್ಮ ಮನೆಯಲ್ಲಿ ಮಾತಿಗಿಂತ ಮೊದಲು ಕೈ ಏಳುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಬಾಲ್ಯದ ಮನೆ ಅಂದ ಕೂಡಲೇ ಜನ ಮುಖ ಸಡಿಲ ಮಾಡಿಕೊಂಡು ರೊಟ್ಟಿ ಬೆಣ್ಣೆಯ ಕಥೆಗೆ ಕಾಯುತ್ತಾರೆ. ರೊಟ್ಟಿ ಇತ್ತು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾದ ಹಿಂಡಿ, ಹೊಟ್ಟೆಗೆ ಕಡಿಮೆ ಇರಲಿಲ್ಲ. ಆದರೆ ರೊಟ್ಟಿ ಬಡಿಯುವ ಕೈಯೇ ಬೆನ್ನಿಗೂ ಬೀಳುತ್ತಿತ್ತು. ಆಯಿ, ಅಂದರೆ ನನ್ನ ಅಪ್ಪನ ತಾಯಿ, ಒಲೆ ಊದುವ ಕಬ್ಬಿಣದ ಕೊಳವೆಯಿಂದ ಅವ್ವನನ್ನು ಹೊಡೆಯುತ್ತಿದ್ದಳು. ಅವ್ವ ಕೈಗೆ ಸಿಕ್ಕಿದ್ದರಿಂದ ನನ್ನನ್ನು ಹೊಡೆಯುತ್ತಿದ್ದಳು. ನಾನು ಹಿತ್ತಲಿಗೆ ಹೋಗಿ ಕರುವನ್ನು ಹೊಡೆಯುತ್ತಿದ್ದೆ. ಅಪ್ಪ ಕಾಲುವೆ ಅಗೆಯುವ ಗುಂಪಿನ ಜೊತೆ ವರ್ಷದಲ್ಲಿ ಎಂಟು ಒಂಬತ್ತು ತಿಂಗಳು ಎಲ್ಲೆಲ್ಲೋ ಇರುತ್ತಿದ್ದ. ಮಳೆಗಾಲಕ್ಕೆ ಊರಿಗೆ ಬಂದರೆ ಕರುವನ್ನೂ ಬಿಡದೆ ಎಲ್ಲರನ್ನೂ ಸಮನಾಗಿ ಹೊಡೆಯುತ್ತಿದ್ದ. ಇದರಲ್ಲಿ ಯಾರಿಗೂ ವಿಶೇಷ ಕಾಣುತ್ತಿರಲಿಲ್ಲ. ಓಣಿಯ ಬೇರೆ ಮನೆಗಳಿಂದಲೂ ಅದೇ ಸದ್ದು ಬರುತ್ತಿತ್ತು.

ಮಕ್ತಲ್‌ನಿಂದ ನಾರಾಯಣಪೇಟೆಗೆ ಹೋಗುವ ದಾರಿಯಲ್ಲಿ ಒಳಕ್ಕೆ ಸರಿದು ಕೂತ ಊರು ನಮ್ಮದು. ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಒಳಗೆ ಪಡಸಾಲೆ, ಅದರ ಬಲಮೂಲೆಯಲ್ಲಿ ಒಂದು ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಕುಡಿಯುವ ನೀರಿನ ಹರವಿ. ಹರವಿ ಅಂದರೆ ನನ್ನ ಎದೆಯವರೆಗೆ ಬರುವ ದೊಡ್ಡ ಮಣ್ಣಿನ ಗಡಿಗೆ. ಆ ಮೂಲೆ ಆಯಿಯದು. ನಾವು ಲಿಂಗ ಕಟ್ಟಿದ ಜನ, ಅದರಲ್ಲೂ ರಾಯಚೂರು ಕಡೆಯ ಆಯಿಯ ತವರಿನವರು ನೀರಿಗೆ ಶೀಲ ಹಿಡಿದವರು. ಮಿಂದು ವಿಭೂತಿ ಹಚ್ಚಿಕೊಂಡೇ ಆ ನೀರನ್ನು ಮುಟ್ಟಬೇಕು, ನಾಲ್ಕು ಮಡಿಕೆಯ ಪಾವಡದ ಬಟ್ಟೆಯಲ್ಲಿ ಸೋಸಬೇಕು, ಮೇಲೆ ಇನ್ನೊಂದು ಬಟ್ಟೆ ಮುಚ್ಚಬೇಕು. ಲಿಂಗವಿಲ್ಲದವರ ಕಣ್ಣು ಕೂಡ ಅದರ ಮೇಲೆ ಬೀಳಬಾರದು. ಒಮ್ಮೆ ಟಪಾಲಿನವನು ಬಾಗಿಲಲ್ಲಿ ಬಗ್ಗಿ ಕೂಗಿದಾಗ ಮೇಲಿನ ಬಟ್ಟೆ ಅರ್ಧ ಜಾರಿತ್ತು. ಅವನು ಹರವಿಯನ್ನು ನೋಡಿದನೋ ಗೋಡೆಯನ್ನು ನೋಡಿದನೋ ಶಿವನೇ ಬಲ್ಲ. ಆಯಿ ಇಡೀ ಹರವಿ ನೀರನ್ನು ಹಿತ್ತಲಿಗೆ ಚೆಲ್ಲಿದಳು. ಬಟ್ಟೆ ಸರಿಯಾಗಿ ಮುಚ್ಚದ ತಪ್ಪಿಗೆ ಕೊಳವೆ ತಗೊಂಡು ಅವ್ವನ ಮೊಣಕೈಗೆ ಬಾರಿಸಿದಳು. ಅವ್ವ ಆ ಬಾತ ಕೈಯಲ್ಲೇ ಕೊಡ ಹಿಡಿದು, ಇನ್ನೊಂದು ಕೈಯಲ್ಲಿ ನನ್ನನ್ನು ಎಳೆದುಕೊಂಡು, ಮಟಮಟ ಮಧ್ಯಾಹ್ನ ಬಾವಿಗೆ ಹೊರಟಳು.

ಆ ಬಾವಿಗೆ ಮಾವಿನಗಿಡದ ಬಾವಿ ಎಂದು ಹೆಸರು. ಊರ ಹೊರಗೆ, ಹೊಲಗಳ ಆಚೆ. ಬೇಸಿಗೆಯಲ್ಲಿ ನೀರು ತಳಕ್ಕಿಳಿದರೆ ಹೆಂಗಸರು ಕೊಡದಿಂದಲೇ ಬಡಿದಾಡುತ್ತಿದ್ದರು. ನಮ್ಮ ಓಣಿಯ ಒಬ್ಬಳ ಕಿವಿಯ ಹಾಲೆ ಬೆಂಡೋಲೆ ಸಮೇತ ಹರಿದು ಬಂದದ್ದನ್ನು ನಾನು ನೋಡಿದ್ದೇನೆ. ಅವ್ವನ ಮುಂದಿನ ಹಲ್ಲು ಮುರಿದದ್ದು ಅಲ್ಲೇ, ಹಿತ್ತಾಳೆ ಕೊಡದ ಅಂಚು ಬಡಿದು. ಅವಳು ಬಾಯಿಯ ರಕ್ತವನ್ನು ಉಗುಳಿ, ಸರದಿ ತಪ್ಪಬಾರದೆಂದು ಹಗ್ಗ ಬಿಡದೆ ನಿಂತಿದ್ದಳು. ನನಗೆ ಆಗ ಏಳೆಂಟು ವರ್ಷ. ನನ್ನ ತಲೆಯ ಮೇಲೂ ಸಿಂಬಿ, ಅದರ ಮೇಲೊಂದು ಸಣ್ಣ ಕೊಡ. ದಿನಕ್ಕೆ ಮೂರು ಸಲ. ಕಾಲಿಗೆ ಚಪ್ಪಲಿ ಇಲ್ಲ. ಆ ಹಾದಿಯನ್ನು ನಾನು ಎಷ್ಟು ದ್ವೇಷಿಸುತ್ತಿದ್ದೆನೆಂದರೆ, ಜ್ವರ ಬರಲಿ ಎಂದು ಕಂಕುಳಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡು ಮಲಗುತ್ತಿದ್ದೆ. ಜ್ವರ ಬರಲಿಲ್ಲ, ವಾಸನೆಗೆ ಏಟು ಮಾತ್ರ ಬಿತ್ತು.

ಅಂಥದರಲ್ಲಿ ಒಂದು ದಿನ ಲಾರಿ ಬಂದು ನಮ್ಮ ಮನೆಯ ಪಕ್ಕದ ಗೋಡೆಗೆ ಹತ್ತೇ ಹೆಜ್ಜೆ ದೂರದಲ್ಲಿ ಬೋರು ಕೊರೆಯಿತು. ಸರ್ಕಾರಿ ಬೋರು. ಕೈಪಂಪು ಕೂರಿಸಿದರು. ಆಯಿ ಪಂಪಿಗೆ ವಿಭೂತಿ ಎಳೆದು ಕಾಯಿ ಒಡೆದಳು. ನೀರು ತಣ್ಣಗಿತ್ತು, ತಿಳಿಯಾಗಿತ್ತು, ಕುಡಿದರೆ ನಾಲಿಗೆಗೆ ಚೆನ್ನಾಗಿತ್ತು. ಬೇಳೆ ಮಾತ್ರ ಬೇಗ ಬೇಯುತ್ತಿರಲಿಲ್ಲ, ಅದಕ್ಕೆ ಅವ್ವನ ಒಲೆ ಉರಿಸುವ ರೀತಿಯೇ ಕಾರಣ ಎಂದು ಆಯಿ ತೀರ್ಮಾನ ಮಾಡಿದಳು. ಅದೇ ತಿಂಗಳು ನನ್ನ ತಂಗಿ ನಾಗು ಹುಟ್ಟಿದಳು. ಬಾಣಂತಿ ಅವ್ವ ಕೊಡ ಹೊರಲಿಲ್ಲ, ನಾನೂ ಹೊರಲಿಲ್ಲ. ಬಾಗಿಲಿಂದ ಪಂಪಿಗೆ, ಪಂಪಿನಿಂದ ಬಾಗಿಲಿಗೆ. ಆ ವರ್ಷ ಪೂರ್ತಿ ಕೊಳವೆ ಬರೀ ಒಲೆ ಊದಿತು ಎಂದರೆ ನಂಬಬೇಕು. ಅವ್ವ ಮುರಿದ ಹಲ್ಲು ತೋರಿಸಿ ನಗುತ್ತಿದ್ದುದು ನನಗೆ ನೆನಪಿರುವುದು ಆ ಒಂದೇ ವರ್ಷದಲ್ಲಿ.

ಮುಂದಿನದನ್ನು ಹೇಳುವ ಮೊದಲು ನಮ್ಮ ಕಡೆಯ ಎರಡು ಭಾಷೆಗಳ ಮಾತು ಹೇಳಬೇಕು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು. ಎರಡಕ್ಕೂ ಎಷ್ಟೋ ಮಾತು ಒಂದೇ, ಅರ್ಥ ಮಾತ್ರ ಬೇರೆ. ಅವ್ವ ರಾಯಚೂರಿನ ಕಡೆಯಿಂದ ಹೊಸದಾಗಿ ಮದುವೆಯಾಗಿ ಬಂದಾಗ ಬಟ್ಟೆ ಒಗೆಯುವವಳು ಬಾಗಿಲಲ್ಲಿ ನಿಂತು "ಬಟ್ಟಲು ಇಯ್ಯಮ್ಮಾ" ಎಂದಳಂತೆ. ತೆಲುಗಿನಲ್ಲಿ ಬಟ್ಟಲು ಎಂದರೆ ಬಟ್ಟೆಗಳು. ಅವ್ವ ಒಳಗೆ ಹೋಗಿ ಮದುವೆಗೆ ಬಂದ ಮೂರು ಹಿತ್ತಾಳೆ ಬಟ್ಟಲು ತಂದು ಅವಳ ಗಂಟಿನಲ್ಲಿ ಹಾಕಿದಳು. ಒಗೆಯುವವಳು ನಕ್ಕು ನಕ್ಕು ಕೂತಳು. ಆಯಿ ನಗಲಿಲ್ಲ. ಅವ್ವನಿಗೆ ಬಿದ್ದ ಮೊದಲ ಏಟು ಅದು. ಅಂದಿನಿಂದ ಅವ್ವನಿಗೆ ತೆಲುಗು ಎಂದರೆ ಅಂಜಿಕೆ. ಯಾರಾದರೂ ತೆಲುಗಿನಲ್ಲಿ ಏನಾದರೂ ಅಂದರೆ ನನ್ನ ಮುಖ ನೋಡುತ್ತಿದ್ದಳು. ನಾನು ಊರಿನ ಕನ್ನಡ ಸಾಲೆಗೆ ಹೋಗುತ್ತಿದ್ದೆ, ಓಣಿಯ ಹುಡುಗಿಯರೊಡನೆ ತೆಲುಗು ಆಡುತ್ತಿದ್ದೆ. ಅಕ್ಷರಗಳಂತೂ ಅಕ್ಕತಂಗಿಯರು, ತಲೆಕಟ್ಟು ಒಂದು ಬೇರೆ. ಕನ್ನಡ ಕಲಿತ ಮಗು ತೆಲುಗನ್ನು ತಡವರಿಸಿ ಓದಿಬಿಡುತ್ತದೆ. ಆಯಿಗೂ ಅವ್ವನಿಗೂ ಓದು ಇರಲಿಲ್ಲ. ಮನೆಯಲ್ಲಿ ಓದು ಬಲ್ಲವಳು ನಾನೊಬ್ಬಳೇ, ಆ ಜಂಬ ನನಗೆ ಬೇಕಾದಷ್ಟಿತ್ತು.

ನಾಗು ಅಂಬೆಗಾಲು ಬಿಟ್ಟು ಗೋಡೆ ಹಿಡಿದು ನಿಲ್ಲುವ ಹೊತ್ತಿಗೆ ನಾರಾಯಣಪೇಟೆಯಿಂದ ಒಂದು ಜೀಪು ಬಂತು. ಇಬ್ಬರು ಇಳಿದು ಬಾಟಲಿಯಲ್ಲಿ ಪಂಪಿನ ನೀರು ತುಂಬಿಕೊಂಡು ಹೋದರು. ಕೆಲವು ವಾರದ ಮೇಲೆ ಒಬ್ಬನೇ ಒಬ್ಬ ಕೆಂಪು ಬಣ್ಣದ ಡಬ್ಬಿ ಹಿಡಿದು ಬಂದ. ಪಂಪಿನ ಕುತ್ತಿಗೆಗೆ ಕೆಂಪು ಬಳಿದ. ಹತ್ತಿರದಲ್ಲಿ ಬರೆಯಲು ಬೇರೆ ಜಾಗವಿಲ್ಲದೆ ನಮ್ಮ ಗೋಡೆಯ ಮೇಲೆ ಮೊಳದುದ್ದ ಅಕ್ಷರಗಳಲ್ಲಿ ಮೂರು ಮಾತು ಬರೆದು ಹೋದ. ಯಾರಿಗೂ ಏನೂ ಹೇಳಲಿಲ್ಲ. ನಿಜಾಮರ ಕಾಲದಲ್ಲಿ ಹುಟ್ಟಿದ ಆಯಿಗೆ ಸರ್ಕಾರ ಬರೆದದ್ದೆಲ್ಲ ಹುಕುಂ. ಅವಳು ನನ್ನ ರಟ್ಟೆ ಹಿಡಿದು ಗೋಡೆಯ ಮುಂದೆ ನಿಲ್ಲಿಸಿದಳು.

"ಏನ್ ಹುಕುಂ ಬರದಾರ, ಓದು."

"ಈ ನೀರು ತಾಗರಾದು."

ಈ ನೀರು ಎನ್ನುವುದು ಎರಡೂ ಭಾಷೆಯಲ್ಲಿ ಅದೇ. ರಾದು ಎಂದರೆ ಬಾರದು, ಅದೂ ಎಲ್ಲರಿಗೂ ಗೊತ್ತು. ಉಳಿದದ್ದು ನಡುವಿನ ಮಾತು. ತೆಲುಗಿನಲ್ಲಿ ತಾಗುವುದು ಎಂದರೆ ಕುಡಿಯುವುದು. ಕನ್ನಡದಲ್ಲಿ ತಾಗುವುದು ಎಂದರೆ ಮುಟ್ಟುವುದು.

"ತಾಗೂದಂದ್ರ ಯಾವ್ದು? ಅವರ ತಾಗೂದೋ, ನಮ್ಮ ತಾಗೂದೋ?"

ಹೀಗೆ ಕೇಳುವವಳಿಗೆ ಎರಡೂ ಗೊತ್ತಿರಲೇಬೇಕು. ಮೂವತ್ತು ವರ್ಷ ಮಕ್ತಲ್ ಸಂತೆಯಲ್ಲಿ ತೆಲುಗಿನಲ್ಲಿ ಜಗಳ ಮಾಡಿ ಮೆಣಸಿನಕಾಯಿ ತಂದವಳು ಅವಳು. ತೆಲುಗು ಗೋಡೆಬರಹದಲ್ಲಿ ನಡುವೆ ಒಂದು ಕನ್ನಡ ಮಾತು ಯಾಕೆ ಬರುತ್ತದೆ? ನನಗೂ ಗೊತ್ತಿತ್ತು. ಓದಿದ ಕ್ಷಣವೇ ಗೊತ್ತಾಗಿತ್ತು. ಆದರೆ ಆ ಕ್ಷಣದಲ್ಲಿ ನನ್ನ ಕಣ್ಣಿಗೆ ಬಂದದ್ದು ಮಾವಿನಗಿಡದ ಬಾವಿಯ ಹಾದಿ, ಸುಡುವ ಮಣ್ಣು, ಕುತ್ತಿಗೆಯ ಮೇಲೆ ಕೂರುವ ಕೊಡ. ಬಾಗಿಲಲ್ಲಿ ಅವ್ವ ನಾಗುವನ್ನು ಸೊಂಟದ ಮೇಲಿಟ್ಟುಕೊಂಡು ನನ್ನ ಬಾಯನ್ನೇ ನೋಡುತ್ತಿದ್ದಳು.

"ನಮ್ದು, ಆಯಿ. ಮುಟ್ಟಬಾರದು ಅಂತ."

"ಯಾರು ಮುಟ್ಟಬಾರದಂತ?"

"ಹೊರಗಿನವರು."

ಆ ಕೊನೆಯ ಮಾತು ಗೋಡೆಯ ಮೇಲೆ ಎಲ್ಲೂ ಇರಲಿಲ್ಲ. ಅದನ್ನು ನಾನೇ ಸೇರಿಸಿದೆ, ಆಯಿಗೆ ಇಷ್ಟವಾಗುತ್ತದೆ ಎಂದು ಗೊತ್ತಿದ್ದು ಸೇರಿಸಿದೆ. ಆಯಿ ನನ್ನ ಬಾಯಿಗೆ ದೊಡ್ಡ ಬೆಲ್ಲದ ಹೆಂಟೆ ತುರುಕಿದಳು.

"ಸರಕಾರಕ್ಕ ಈಗ ಬುದ್ಧಿ ಬಂದೈತಿ ನೋಡು. ನಮ್ಮ ಗ್ವಾಡಿ ಮ್ಯಾಗ ಬರದಾರ, ಅಂದ್ರ ನೀರು ನಮ್ದು."

ಓಣಿಯಲ್ಲಿ ತೆಲುಗು ಓದುವ ಮನೆ ಎರಡು ಇದ್ದವು. ಅವರು ಸದ್ದಿಲ್ಲದೆ ಮತ್ತೆ ಮಾವಿನಗಿಡದ ಬಾವಿಗೆ ಹೋಗತೊಡಗಿದರು. ನಮಗೆ ಹೇಳಲಿಲ್ಲ. ಆಯಿಯ ಬಾಯಿಗೆ ಬೀಳುವ ಧೈರ್ಯ ಯಾರಿಗಿತ್ತು? ಪಂಪು ನಮ್ಮದಾಯಿತು. ಆಯಿ ಬೆಳಿಗ್ಗೆಯಿಂದ ಸಂಜೆಯವರೆಗೆ ಕೊಳವೆಯನ್ನು ತೊಡೆಯ ಮೇಲಿಟ್ಟುಕೊಂಡು ಪಂಪಿನ ಕಟ್ಟೆಯ ಮೇಲೆ ಕೂರುತ್ತಿದ್ದಳು. ಕೆಳಗೇರಿಯವರು ಅದುವರೆಗೆ ಬಟ್ಟೆ ಒಗೆಯಲು, ಎಮ್ಮೆಗೆ ಕುಡಿಸಲು ಆ ನೀರಿಗೆ ಬರುತ್ತಿದ್ದರು. ಅವರಿಗೆ ಕುಡಿಯಲು ಅವರದೇ ಬಾವಿ ಇತ್ತು, ಅವರೇ ಕೈಯಾರೆ ಅಗೆದು ಕಲ್ಲು ಕಟ್ಟಿದ ಸಿಹಿನೀರಿನ ಬಾವಿ. ನಮ್ಮ ಜನ ಆ ಕಡೆ ಕಾಲಿಡುತ್ತಿರಲಿಲ್ಲ.

ಕೆಳಗೇರಿಯ ಸಾಯಮ್ಮ ಗಟ್ಟಿಗಿತ್ತಿ. ಅವ್ವನ ವಯಸ್ಸಿನವಳು, ಎತ್ತರದ ಆಳು, ಎರಡು ಭಾಷೆಯನ್ನೂ ನೀರು ಕುಡಿದಂತೆ ಆಡುವವಳು. ಒಂದು ಬೆಳಿಗ್ಗೆ ಬಟ್ಟೆಯ ಗಂಟು ತಂದು ಪಂಪಿನ ಹತ್ತಿರ ಇಟ್ಟಳು. ಆಯಿ ಏಳಲಿಲ್ಲ, ಬಯ್ಯಲಿಲ್ಲ. ಸಾಯಮ್ಮ ಪಂಪಿನ ಹಿಡಿಗೆ ಕೈ ಹಾಕಿ ಬಗ್ಗಿದ ಕೂಡಲೇ ಕೂತಲ್ಲಿಂದಲೇ ಕೊಳವೆ ಬೀಸಿದಳು. ಹುಬ್ಬಿನ ಮೇಲೆ ಬಿತ್ತು. ಚರ್ಮ ಬಾಯಿಬಿಟ್ಟು ರಕ್ತ ಕಣ್ಣಿಗಿಳಿದು, ಗಲ್ಲದಿಂದ ಬಟ್ಟೆಯ ಗಂಟಿಗೆ ಸುರಿಯಿತು. ಸಾಯಮ್ಮ ಒಂದು ಕೈಯಲ್ಲಿ ಕಣ್ಣು ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಗೋಡೆ ತೋರಿಸಿದಳು.

"ತಾಗೊದ್ದನಿ ರಾಸಿಂಡ್ರು ಅವ್ವಾ. ಕುಡೀಬ್ಯಾಡ್ರಿ ಅಂತ ಬರದಾರ. ನಾ ಏನ್ ಕುಡಿಯಾಕ ಬಂದಿಲ್ಲ, ಅರಬಿ ಒಗಿಯಾಕ ಬಂದೀನಿ. ನೀವೂ ಕುಡೀಬ್ಯಾಡ್ರಿ, ಕೂಸಿಗಿ ಕುಡಸಬ್ಯಾಡ್ರಿ."

"ನಮ್ಮನ್ನ ಬಿಡಿಸಿ ತಾ ತುಂಬಿಕೊಳ್ಳಾಕ ಈ ಮಾತು ಹೇಳತಾಳ ನೋಡ್ರಿ" ಎಂದು ಆಯಿ ಓಣಿಗೆಲ್ಲ ಕೇಳುವಂತೆ ಅಂದಳು.

ಜನ ಸೇರಿದ್ದರು. ಅವ್ವ ನಾಗುವಿಗೆ ಅದೇ ನೀರಿನಲ್ಲಿ ಅನ್ನ ಕಲಸಿ ಉಣ್ಣಿಸುತ್ತಿದ್ದವಳು ಎಂಜಲು ಕೈಯಲ್ಲೇ ಹೊರಗೆ ಬಂದಿದ್ದಳು. ಕೂಸಿಗೆ ಕುಡಿಸಬೇಡಿ ಎಂಬ ಮಾತು ಅವಳ ಎದೆಗೇ ನಟ್ಟಿತ್ತು. ಅವಳು ಆಯಿಯನ್ನೂ ಕೇಳಲಿಲ್ಲ, ಸಾಯಮ್ಮನನ್ನೂ ಕೇಳಲಿಲ್ಲ.

"ಶಿವ್ವಿ, ಖರೇ ಹೇಳವ್ವ. ಆಕಿ ಹೇಳೂದು ಖರೇ ಏನು? ನೀ ಓದೀದಿಯಲ್ಲ."

ಅವಳು ನನಗೆ ಹೇಳವ್ವ ಎಂದು ಮೆತ್ತಗೆ ಕೇಳಿದ್ದು ಕಡಿಮೆ. ಆಗ ನಿಜ ಹೇಳಿದ್ದರೆ ಆಗುತ್ತಿತ್ತು. ಆಯಿ ಕೊಳವೆ ಹಿಡಿದು ನನ್ನ ಪಕ್ಕದಲ್ಲೇ ಇದ್ದಳು, ನಿಜ. ಆದರೆ ಹೆದರಿ ಸುಳ್ಳು ಹೇಳಿದೆ ಎಂದು ಈ ವಯಸ್ಸಿನಲ್ಲಿ ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ನನಗೆ ಏಟು ಹೊಸದೇನಲ್ಲ. ನನಗೆ ಬಾವಿಗೆ ಹೋಗುವುದು ಬೇಡವಾಗಿತ್ತು, ಮನೆಯ ಓದುಬಲ್ಲ ಹುಡುಗಿ ತಪ್ಪು ಓದಿದಳು ಅನ್ನಿಸಿಕೊಳ್ಳುವುದು ಬೇಡವಾಗಿತ್ತು.

"ಆಕಿ ಸುಳ್ಳು ಹೇಳತಾಳ."

ಅಷ್ಟು ಸಾಕಾಯಿತು. ಓಣಿಯ ಹೆಂಗಸರು ಸಾಯಮ್ಮನ ಕೂದಲು ಹಿಡಿದು ಎಳೆದರು. ಸುದ್ದಿ ಕೇಳಿ ಓಡಿಬಂದ ಅವಳ ಗಂಡನನ್ನು ಗಂಡಸರು ಕೆಡವಿ ತುಳಿದರು, ಅವನ ತೋಳಿನ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಒಣಗಿದ ಜೋಳದ ದಂಟು ಮುರಿದಂತಿತ್ತು. ಆ ಹಂಗಾಮು ಅವನು ಕೂಲಿಗೆ ಹೋಗಲಾಗಲಿಲ್ಲ. ಅವ್ವ ಒಳಗೆ ಹೋಗಿ, ಅರ್ಧಕ್ಕೆ ಬಿಟ್ಟಿದ್ದ ಅನ್ನವನ್ನು ನಾಗುವಿಗೆ ಉಣ್ಣಿಸಿ, ಪಂಪಿನ ನೀರು ಕುಡಿಸಿ, ಬಾಯಿ ಒರೆಸಿದಳು.

ನಾಗುವಿನ ಹಲ್ಲು ಸುಣ್ಣದ ಬಣ್ಣಕ್ಕೆ ಹುಟ್ಟಿ, ಆಮೇಲೆ ಕಂದು ಗೀರು ಬಿದ್ದವು. ಆಯಿ ಅದಕ್ಕೆ ಇದ್ದಿಲು ತಿಕ್ಕಿದಳು. ನಾಲ್ಕನೆಯ ವರ್ಷಕ್ಕೆ ಮಂಡಿಗಳು ಒಂದಕ್ಕೊಂದು ಬಡಿಯತೊಡಗಿದವು, ಐದಕ್ಕೆ ಪಾದಗಳು ಹೊರಕ್ಕೆ ತಿರುಗಿ ಮೊಳಕಾಲು ಒಳಕ್ಕೆ ಬಾಗಿದವು. ಓಡಿದರೆ ಬೀಳುತ್ತಿದ್ದಳು. ರಾತ್ರಿ ಕಾಲು ನೋವೆಂದು ಅಳುತ್ತಿದ್ದಳು. ಕೆಳಗೇರಿಯ ಮಕ್ಕಳು ನಮ್ಮ ಗೋಡೆಯ ಮುಂದೆಯೇ ನೆಟ್ಟಗಿನ ಕಾಲಲ್ಲಿ ಸಾಲೆಗೆ ಓಡುತ್ತಿದ್ದರು. ನಾವು ಹೊಡೆದು ಓಡಿಸಿದವರು ಬದುಕಿಕೊಂಡಿದ್ದರು. ಆ ಮಳೆಗಾಲದಲ್ಲಿ ಊರಿಗೆ ಬಂದ ಅಪ್ಪ ಮಗಳ ಕಾಲು ನೋಡಿ, ಇದು ಸೋಮಾರಿತನದ ನಡಿಗೆ, ತಿದ್ದಿದರೆ ತಿದ್ದುತ್ತದೆ ಎಂದ. ಬಿದಿರನ್ನು ಸೀಳಿ ಎರಡೂ ಕಾಲಿಗೆ ಹಗ್ಗದಿಂದ ಬಿಗಿದ. ಅಂಗಳದ ಈ ತುದಿಯಿಂದ ಆ ತುದಿಗೆ ನಡೆಸಿದ. ಬಿದ್ದಾಗಲೆಲ್ಲ ಬಾರುಕೋಲಿನಿಂದ ಹೊಡೆದ. ಹಗ್ಗದ ಕೆಳಗೆ ಚರ್ಮ ಕಿತ್ತು ಬಂದಿತ್ತು. ಅವ್ವ ಅಡ್ಡ ಬಂದಾಗ ಅವಳನ್ನೂ ಹೊಡೆದ. ನಾಗು ಎದ್ದು ನಿಂತು, ಕೈ ಮುಗಿದು ಅಪ್ಪನಿಗೆ ಹೇಳಿದಳು.

"ನೆಟ್ಟಗ ನಡೀತೀನಪ್ಪ, ಹೊಡೀಬ್ಯಾಡ."

ನಾನು ಆಗ ಹನ್ನೆರಡು ದಾಟಿದವಳು. ಸಾಲೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದೆ. ನಮ್ಮದೇ ಗೋಡೆಯನ್ನು ಮಾತ್ರ ನೋಡದೆ ನಡೆಯಲು ಕಲಿತಿದ್ದೆ. ಅಂಗಳದಲ್ಲಿ ಕಂಬದ ಹಿಂದೆ ನಿಂತು ಅದನ್ನೆಲ್ಲ ನೋಡಿದೆ, ಬಾಯಿ ಬಿಡಲಿಲ್ಲ. ಈಗ ನೆನೆದರೆ ನನ್ನ ಮೇಲೇ ಅಸಹ್ಯ ಹುಟ್ಟುತ್ತದೆ.

ಅಪ್ಪ ಕೆಲಸಕ್ಕೆ ಮರಳಿದ ಮೇಲೆ, ಬೇಸಿಗೆಯಲ್ಲಿ, ಅವ್ವ ಯಾರನ್ನೂ ಕೇಳದೆ ನಾಗುವನ್ನು ಗದ್ವಾಲದ ಎಲುಬಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಮಾತಿಗೆ ಬೇಕೆಂದು ನನ್ನನ್ನೂ ಕರೆದೊಯ್ದಳು. ಡಾಕ್ಟರು ವಯಸ್ಸಾದವರು, ತೆಲುಗಿನವರು. ನಾಗುವಿನ ಮಂಡಿ ಒತ್ತಿದರು, ಬಾಯಿ ತೆರೆಸಿ ಹಲ್ಲು ನೋಡಿದರು. ಆಮೇಲೆ ನನ್ನನ್ನು ಬಿಟ್ಟು ನೇರ ಅವ್ವನನ್ನೇ ಕೇಳಿದರು.

"ಏ ನೀಳ್ಳು ತಾಗುತರಮ್ಮಾ ಮೀರು?"

ಯಾವ ನೀರು ಕುಡಿಯುತ್ತೀರಿ ಎಂದು. ಅಷ್ಟು ತೆಲುಗು ಅಷ್ಟು ಹೊತ್ತಿಗೆ ಅವ್ವನಿಗೂ ಬರುತ್ತಿತ್ತು.

"ಬೋರಿಂದ್ರಿ."

ಪಂಪಿಗೆ ಕೆಂಪು ಬಣ್ಣ ಹಚ್ಚಿದ್ದಾರೆಯೇ, ಹತ್ತಿರದಲ್ಲಿ ಏನಾದರೂ ಬರೆದಿದ್ದಾರೆಯೇ ಎಂದು ಅವರು ಮತ್ತೆ ಕೇಳಿದರು.

"ಹಚ್ಯಾರ್ರಿ. ಬರದಾರ್ರಿ. ಈ ನೀರು ತಾಗರಾದು ಅಂತ..."

ಅವಳದೇ ಬಾಯಿಂದ ಬಂತು, ಅಲ್ಲೇ ನಿಂತಿತು. ಡಾಕ್ಟರು ಈಗಷ್ಟೇ ಆಡಿದ ಮಾತು, ಅವಳು ಈಗ ಆಡಿದ ಮಾತು. ಎರಡರಲ್ಲೂ ತಾಗುವುದು ಎಂದರೆ ಕುಡಿಯುವುದೇ. ಡಾಕ್ಟರು ಬೈದರು. ಬರೆದದ್ದು ಗೊತ್ತಿದ್ದೂ ಕುಡಿಸಿದಿರಾ ಎಂದು. ಆ ನೀರಿನಲ್ಲಿ ಫ್ಲೋರೈಡ್ ಇದೆ, ಕಣ್ಣಿಗೆ ನಾಲಿಗೆಗೆ ತಿಳಿಯುವುದಿಲ್ಲ, ಬೆಳೆಯುವ ಎಲುಬಿಗೆ ಕೂರುತ್ತದೆ, ಬಾಗಿದ್ದನ್ನು ಔಷಧಿಯಿಂದ ಸರಿಮಾಡಲಾಗುವುದಿಲ್ಲ, ಇನ್ನು ಮುಂದೆ ಒಂದು ಗುಟುಕೂ ಕೊಡಬೇಡಿ ಎಂದರು. ನಾನು ಒಂದೊಂದನ್ನೇ ಕನ್ನಡ ಮಾಡಿ ಅವ್ವನಿಗೆ ಹೇಳಿದೆ. ಈ ಸಲ ಒಂದಕ್ಷರವೂ ತಪ್ಪಲಿಲ್ಲ. ಹಿಂತಿರುಗುವಾಗ ಬಸ್ಸು ಕೃಷ್ಣಾ ನದಿ ದಾಟಿತು. ಅವ್ವ ಕಿಟಕಿಯಿಂದ ನೀರನ್ನು ನೋಡುತ್ತ ಕೂತಿದ್ದಳು.

ಮನೆಗೆ ಬಂದವಳು ನಾಗುವನ್ನು ಜಗಲಿಯ ಮೇಲೆ ಕೂರಿಸಿ, ಹಿತ್ತಲಿನಿಂದ ಕಬ್ಬಿಣದ ಹಾರೆ ತಂದಳು. ಮೊದಲ ಏಟು ಹರವಿಗೆ. ನೀರು ಪಡಸಾಲೆ ತುಂಬ ಹರಿದು ಆಯಿಯ ಕಾಲಿಗೆ ಬಂತು. ಆಯಿ ಕಿರುಚಿಕೊಂಡು ಕೊಳವೆ ಎತ್ತಿದಳು. ಅವ್ವ ಹಾರೆಯಿಂದಲೇ ಅವಳ ಮಣಿಕಟ್ಟಿಗೆ ಹೊಡೆದಳು. ಕೊಳವೆ ಬಿತ್ತು, ಆಯಿಯ ಕೈ ಜೋತುಬಿತ್ತು. ಅವ್ವ ಹೊರಗೆ ಹೋಗಿ ಪಂಪಿನ ಹಿಡಿಯನ್ನು ಬಡಿದಳು, ಬಡಿದಳು, ಅಂಗೈ ಸುಲಿದು ರಕ್ತ ಬರುವವರೆಗೆ ಬಡಿದಳು. ಹಿಡಿ ಕಿತ್ತು ಕೆಳಗೆ ಬಿದ್ದ ಮೇಲೆ ಒಳಗೆ ಬಂದು, ಆಯಿಯ ಜುಟ್ಟು ಹಿಡಿದು ಗೋಡೆಗೆ ಒತ್ತಿದಳು. ಅತ್ತೆಯ ಎದುರಿಗೆ ತಲೆ ಎತ್ತದಿದ್ದ ಹೆಂಗಸು.

"ನಿಮಗ ತೆಲುಗು ಬರ್ತಿತ್ತು. ಖರೇ ಹೇಳ್ರಿ. ಕೂಸಿನ ಕೈಲೆ ಸುಳ್ಳು ಓದಿಸಿದಾಕಿ ನೀವಽ ಹೌದಲ್ಲೋ?"

ಆಯಿ ಮುರಿದ ಕೈಯನ್ನು ಹೊಟ್ಟೆಗೆ ಅವುಚಿಕೊಂಡಿದ್ದಳು. ಅವಳ ಕಣ್ಣು ಕಂಬದ ಹಿಂದೆ ನಿಂತಿದ್ದ ನನ್ನ ಕಡೆಗೆ ಬಂತು, ನನ್ನ ಮೇಲೇ ನಿಂತಿತು. ಅವಳು ಒಂದು ಮಾತು ಹೇಳಿದ್ದರೆ ಹಾರೆ ನನ್ನ ಕಡೆ ತಿರುಗುತ್ತಿತ್ತು.

"ಹೂಂ. ನಾನಽ ಹೇಳಿಕೊಟ್ಟೆ. ಅದು ಸಣ್ಣದು, ಅದಕ್ಕೇನು ತಿಳೀತದ."

ಯಾಕೆ ಹಾಗೆ ಹೇಳಿದಳೋ ಇವತ್ತಿಗೂ ನನಗೆ ಗೊತ್ತಿಲ್ಲ. ಇಷ್ಟು ವರ್ಷ ಕ್ರೂರಿ ಎಂದು ನಾನು ತಿಳಿದ ಮುದುಕಿ, ನನ್ನ ಪಾಲಿನ ಏಟನ್ನೂ ತಾನೇ ತಿಂದಳು. ನಾನು ತಿನ್ನಲು ಬಿಟ್ಟೆ. ಅವ್ವ ಅವಳನ್ನು ಬಿಟ್ಟು ನನ್ನ ತಲೆ ಸವರಿ, ನಿನ್ನದೇನು ತಪ್ಪವ್ವ ಎಂದಳು. ಆ ಕೈಗೆ ಹತ್ತಿದ್ದ ರಕ್ತ ನನ್ನ ಕೂದಲಿಗೆ ಅಂಟಿತು.

ಮರುದಿನ ಬೆಳಿಗ್ಗೆ ಮನೆಯಲ್ಲಿ ಹನಿ ನೀರಿಲ್ಲ. ಆ ಬೇಸಿಗೆ ಮಾವಿನಗಿಡದ ಬಾವಿ ಪೂರ್ತಿ ಬತ್ತಿತ್ತು. ನಾಗು ಹಿಂದಿನ ಸಂಜೆಯಿಂದ ಕುಡಿಯಲು ಕೇಳುತ್ತಿದ್ದಳು, ತುಟಿ ಒಡೆದಿದ್ದವು. ಅವ್ವ ಅವಳನ್ನು ಎತ್ತಿಕೊಂಡು, ನನ್ನ ತಲೆಗೆ ಕೊಡ ಹೊರಿಸಿ, ಕೆಳಗೇರಿಯ ಹಾದಿ ಹಿಡಿದಳು. ನಮ್ಮ ಓಣಿಯವರು ಬಾಗಿಲಲ್ಲಿ ನಿಂತು ನೋಡಿದರು. ಬಾವಿಯ ಹತ್ತಿರ ಏಳೆಂಟು ಜನ ಹೆಂಗಸರಿದ್ದರು. ಹಗ್ಗ ಸಾಯಮ್ಮನ ಕೈಯಲ್ಲಿತ್ತು. ಅವಳ ಹುಬ್ಬು ಎರಡು ತುಂಡಾಗಿ ಕೂಡಿಕೊಂಡಿತ್ತು. ನಾನು ಅಷ್ಟು ಹತ್ತಿರದಿಂದ ಅದನ್ನು ನೋಡಿರಲಿಲ್ಲ. ಅವ್ವ ತಲೆ ತಗ್ಗಿಸಿ, ಕೂಸಿಗೆ ಒಂದು ಕೊಡ ನೀರು ಕೊಡು ಎಂದಳು. ಸಾಯಮ್ಮ ನಾಗುವಿನ ಕಾಲುಗಳನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ತುಂಬಿದ ಬಕೆಟ್ಟನ್ನು ಕಟ್ಟೆಯ ಮೇಲಿಟ್ಟು, ಅವ್ವನನ್ನಲ್ಲ, ನನ್ನನ್ನು ಮಾತಾಡಿಸಿದಳು.

"ಏ ಪಿಲ್ಲಾ. ಆವತ್ತು ನಾ ಸುಳ್ಳು ಹೇಳತೀನಿ ಅಂದಿ. ನನ್ನ ಗಂಡನ ಕೈ ಮುರದ್ರು. ನಿನಗ ಗೊತ್ತಿತ್ತೋ, ಇಲ್ಲೋ? ಇವರೆಲ್ಲಾರ ಮುಂದ ಖರೇ ಹೇಳು, ಕೊಡ ತುಂಬತೀನಿ."

"ಅದು ಸಣ್ಣದಿತ್ತು ಸಾಯಮ್ಮ, ನಮ್ಮತ್ತಿ ಹೇಳಿಕೊಟ್ಟಂಗ ಓದ್ಯಾಳ" ಎಂದು ಅವ್ವ ಹಿಂದಿನಿಂದ ಹೇಳಿದಳು.

"ನಿನ್ನ ಕೇಳಿಲ್ಲಕ್ಕಾ. ಆಕೀನ ಕೇಳೀನಿ."

ಗೊತ್ತಿರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅವ್ವ ಆಗಲೇ ನನ್ನ ಪರವಾಗಿ ಹೇಳಿಯೂ ಆಗಿತ್ತು, ತಲೆಯಾಡಿಸಿದ್ದರೆ ಸಾಕಿತ್ತು. ನಾಗು ಬಕೆಟ್ಟಿನ ಕಡೆ ಕೈ ಚಾಚಿ ನೀರು, ನೀರು ಅನ್ನುತ್ತಿದ್ದಳು.

"ಗೊತ್ತಿತ್ತು."

"ಯಾವಾಗಿಂದ?"

"ಓದಿದ ದಿನದಿಂದ. ಬಾವಿಗೆ ಹೋಗಬೇಕಾಗ್ತದಂತ ಹೇಳಲಿಲ್ಲ."

ಸಾಯಮ್ಮ ಬಕೆಟ್ಟು ಎತ್ತಿ ನನ್ನ ಕೊಡಕ್ಕೆ ನೀರು ಸುರಿದಳು, ಅಂಚಿನವರೆಗೆ ತುಂಬಿದಳು, ಹೋಗ್ರಿ ಎಂದಳು. ನಾನು ಬೆನ್ನು ಬಿಗಿಹಿಡಿದು ಅವ್ವನ ಏಟಿಗೆ ಕಾದೆ. ಬೀಳಲಿ ಎಂದು ಬಯಸಿದೆ, ಹಲ್ಲು ಮುರಿಯುವಂತೆ, ಮೂಳೆ ಮುರಿಯುವಂತೆ. ಅವ್ವ ಬೊಗಸೆಯಲ್ಲಿ ನೀರು ಹಿಡಿದು ನಾಗುವಿಗೆ ಕುಡಿಸಿದಳು. ಕುಡಿಸಿ, ಅವಳನ್ನು ಸೊಂಟಕ್ಕೆ ಏರಿಸಿಕೊಂಡು, ನನ್ನತ್ತ ತಿರುಗಿ ನೋಡದೆ ಮನೆಯ ಕಡೆ ನಡೆದಳು. ಅವತ್ತಿನಿಂದ ಅವಳು ನನ್ನನ್ನು ಒಮ್ಮೆಯೂ ಹೊಡೆಯಲಿಲ್ಲ.

ಆಯಿಯ ಕೈ ಸೊಟ್ಟಗೇ ಕೂಡಿಕೊಂಡಿತು, ಆ ಕೈಯಲ್ಲೇ ಆಮೇಲೆ ಸಾಯುವವರೆಗೆ ಕೆಳಗೇರಿಯ ನೀರನ್ನು ಸೋಸಿ ಕುಡಿದಳು. ನಾನು ಓದಿ ಶಿಕ್ಷಕಿಯಾದೆ. ಮೂವತ್ತು ವರ್ಷ ಗಡಿಯ ಸಾಲೆಗಳಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿದೆ, ಎರಡೂ ಭಾಷೆಯಲ್ಲಿ. ಮದುವೆ ಆಗಲಿಲ್ಲ. ನಾಗು ಮಕ್ತಲ್‌ನಲ್ಲಿ ನನ್ನ ಜೊತೆಗೇ ಇದ್ದಾಳೆ, ನೆಲಕ್ಕೆ ಕೂರಲಾರಳು, ಎರಡು ಕೋಲು ಹಿಡಿದು ನಡೆಯುತ್ತಾಳೆ. ಈಗ ಮನೆಗೆ ನಲ್ಲಿಯಲ್ಲಿ ನದಿಯ ನೀರು ಬರುತ್ತದೆ, ಬರದ ದಿನ ಆಟೋದಲ್ಲಿ ಫಿಲ್ಟರ್ ನೀರಿನ ಕ್ಯಾನು ಬರುತ್ತದೆ. ನನ್ನ ತಪ್ಪನ್ನು ನಾಗುವಿಗೆ ಹೇಳಿದ್ದೇನೆ. ನಿನಗಾಗ ಎಂಟು ವರ್ಷ ಅಕ್ಕ, ಬಿಡು ಎನ್ನುತ್ತಾಳೆ. ಅವಳು ಬಿಟ್ಟಿದ್ದಾಳೆ.

ಅವ್ವನ ಕೊನೆಯ ದಿನಗಳಲ್ಲಿ ಅವಳನ್ನು ರಾಯಚೂರಿನ ಆಸ್ಪತ್ರೆಯಲ್ಲಿ ಇಟ್ಟಿದ್ದೆವು. ಒಂದು ಮಧ್ಯಾಹ್ನ ನರ್ಸು ಮಾತ್ರೆಗಳ ಜೊತೆ ಒಂದು ಚೀಟಿ ಕೊಟ್ಟು ಹೋದಳು. ಕನ್ನಡದಲ್ಲೇ ಬರೆದಿತ್ತು. ನಾನು ಓದೋಣವೆಂದು ಕನ್ನಡಕ ಹಾಕಿಕೊಂಡು ಕೈ ಚಾಚಿದೆ. ಅವ್ವ ಚೀಟಿಯನ್ನು ನನ್ನ ಕೈಗೆ ಕೊಡದೆ, ಕಷ್ಟಪಟ್ಟು ಮಗ್ಗುಲು ತಿರುಗಿ, ಪಕ್ಕದ ಹಾಸಿಗೆಯವರನ್ನು ನೋಡಲು ಬಂದಿದ್ದ ಯಾರೋ ಗುರುತಿಲ್ಲದ ಹುಡುಗಿಗೆ ಚಾಚಿದಳು.

"ಇದರಾಗ ಏನ್ ಬರದಾರ, ಸ್ವಲ್ಪ ಓದಿ ಹೇಳವ್ವ."